ಪೆನ್ಸಿಲ್ ಗುರುತನ್ನು ಅಳಿಸಬೇಡಿ

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ನನ್ನ ಬೀರುವಿನ ಕೆಳಗಿನ ಖಾನೆಯ ಬಗ್ಗೆ ಬರೆದಿದ್ದೆ. ಅದರಲ್ಲಿರುವುದು ಒಂದೇ ಒಂದು ಬೇಸ್‌ಬಾಲ್ ಋತುವಿನ ಕಾಗದಗಳು. 1969ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಪಂದ್ಯಗಳಿಗೆ ಹೋದವರು ಕ್ರೀಡಾಂಗಣದಲ್ಲೇ ಕೊಂಡು ಆಟವನ್ನು ಬರೆದುಕೊಳ್ಳುತ್ತಿದ್ದ ಸ್ಕೋರ್‌ಕಾರ್ಡ್ ಪುಸ್ತಿಕೆಗಳು, ಆ ವರ್ಷದ ಇಯರ್‌ಬುಕ್‌ಗಳು, ಒಂದೆರಡು ಟಿಕೆಟ್ ಚೂರುಗಳು. ಲಗ್ನಪತ್ರಿಕೆ, ಅಂಚೆಚೀಟಿ, ಹಳೆಯ ಪಂಚಾಂಗಗಳ ಬಗ್ಗೆ ಬರೆದಾಗ ಬರುವ ಪತ್ರಗಳಿಗಿಂತ ಹೆಚ್ಚು ಪತ್ರಗಳು ಈ ಸಲ ಬಂದಿವೆ. ಬೇಸ್‌ಬಾಲ್ ಗೊತ್ತಿಲ್ಲದವರೂ ಬರೆದಿದ್ದಾರೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸುತ್ತೇನೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಊರು ಅರಸೀಕೆರೆ. ನಮ್ಮ ಬೀದಿಯ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಅಂಗಳದಲ್ಲಿ ಹಳೆಯ ಸಾಮಾನುಗಳನ್ನು ಮಾರಾಟಕ್ಕೆ ಇಟ್ಟಿದ್ದರು. ಅಲ್ಲಿ ನೀವು ಬರೆದ ಅದೇ 1969ರ ಮೆಟ್ಸ್ ಪುಸ್ತಿಕೆಗಳು ಒಂಬತ್ತು ಸಿಕ್ಕವು. ಏಳರಲ್ಲಿ ಪೆನ್ಸಿಲಿನಿಂದ ಏನೇನೋ ಅಂಕಿ, ಗೆರೆ ಬರೆದಿದೆ. ವ್ಯಾಪಾರಿಯೊಬ್ಬರು ‘ಬರೆಯದೇ ಇದ್ದಿದ್ದರೆ ಒಳ್ಳೆಯ ಬೆಲೆ ಸಿಗುತ್ತಿತ್ತು’ ಎಂದರು. ಮೆತ್ತನೆಯ ರಬ್ಬರಿನಿಂದ ಅಳಿಸಬಹುದೇ ಅಮ್ಮ? ಪುಸ್ತಿಕೆಗಳಲ್ಲಿ ದಿನಾಂಕವೂ ಇಲ್ಲ. ಯಾವ ಪಂದ್ಯದ್ದು ಎಂದು ಗುರುತಿಸುವುದು ಹೇಗೆ?

ಉತ್ತರ: ದಯವಿಟ್ಟು ಅಳಿಸಬೇಡಿ. ಈ ಸಂಚಿಕೆ ನಿಮ್ಮ ಕೈ ಸೇರುವ ಮೊದಲೇ ಅಳಿಸಿಬಿಡುತ್ತೀರೋ ಎಂಬ ಆತಂಕದಿಂದ ನಿಮಗೆ ಬೇರೆಯಾಗಿಯೂ ಕಾಗದ ಬರೆದಿದ್ದೇನೆ.

ಆ ವ್ಯಾಪಾರಿ ಹೇಳಿದ್ದು ಸುಳ್ಳಲ್ಲ. ಏನೂ ಬರೆಯದ ಪುಸ್ತಿಕೆಗೆ ಮಾರುಕಟ್ಟೆಯಲ್ಲಿ ಹೆಚ್ಚು ಹಣ ಬರುತ್ತದೆ. ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರುವುದು ನೀವು ಅಳಿಸಬೇಕೆಂದಿರುವ ಆ ಗುರುತುಗಳಲ್ಲೇ. ಎದುರಾಳಿ ತಂಡ ಊರಿಗೆ ಬಂದು ಎರಡು ಮೂರು ದಿನ ಆಡುವಾಗ ಅಷ್ಟೂ ದಿನ ಒಂದೇ ಪುಸ್ತಿಕೆಯನ್ನು ಮಾರುತ್ತಿದ್ದರು. ಅಚ್ಚಾದ ಭಾಗವನ್ನು ಎಷ್ಟು ತಿರುವಿ ಹಾಕಿದರೂ ಅದು ಸೋಮವಾರದ್ದೋ ಬುಧವಾರದ್ದೋ ತಿಳಿಯುವುದಿಲ್ಲ. ಅದನ್ನು ಹೇಳಬಲ್ಲುದು ಅಂದು ಅಲ್ಲಿ ಕುಳಿತಿದ್ದವರ ಪೆನ್ಸಿಲ್ ಒಂದೇ.

ಮೊದಲು ಆ ಲಿಪಿಯನ್ನು ಕಲಿಯಿರಿ, ಅರ್ಧ ಗಂಟೆ ಸಾಕು. ಮೈದಾನದ ಪ್ರತಿ ಸ್ಥಾನಕ್ಕೂ ಒಂದು ಅಂಕಿ ಇದೆ: ಚೆಂಡು ಎಸೆಯುವ ಪಿಚರ್ 1, ಬ್ಯಾಟರಿನ ಹಿಂದೆ ಕುಳಿತು ಹಿಡಿಯುವ ಕ್ಯಾಚರ್ 2, ಮೊದಲ ಬೇಸಿನವನು 3, ಎರಡನೇ ಬೇಸಿನವನು 4, ಮೂರನೇ ಬೇಸಿನವನು 5, ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಎಡ, ನಡು, ಬಲ ಹೊರಮೈದಾನದವರು 7, 8, 9. ಇದು ಅಂಗಿಯ ಮೇಲಿನ ಸಂಖ್ಯೆಯಲ್ಲ, ನಿಲ್ಲುವ ಜಾಗದ ಸಂಖ್ಯೆ. ಬ್ಯಾಟರಿನ ಒಂದೊಂದು ಸರದಿಗೂ ಒಂದು ಚೌಕ. ಅಂಥ ಒಂದು ಚೌಕದಲ್ಲಿ 6-3 ಎಂದಿದ್ದರೆ ಶಾರ್ಟ್‌ಸ್ಟಾಪ್ ಚೆಂಡನ್ನು ಹಿಡಿದು ಮೊದಲ ಬೇಸಿಗೆ ಎಸೆದು ಬ್ಯಾಟರನ್ನು ಔಟ್ ಮಾಡಿದ ಎಂದು ಅರ್ಥ. ಇಂಗ್ಲಿಷಿನ ಕೆ ಅಕ್ಷರ ಇದ್ದರೆ ಸ್ಟ್ರೈಕ್‌ಔಟ್, ಅಂದರೆ ಮೂರು ಎಸೆತಗಳಲ್ಲಿ ಸೋತು ಬ್ಯಾಟರ್ ಔಟ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಪತ್ರಕರ್ತ ಹೆನ್ರಿ ಚಾಡ್ವಿಕ್ 19ನೇ ಶತಮಾನದಲ್ಲಿ ಬಳಕೆಗೆ ತಂದ ಗುರುತು ಅದು. ಅದೇ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದಿದ್ದರೆ ಬ್ಯಾಟರ್ ಬ್ಯಾಟ್ ಬೀಸದೆ ನಿಂತು ಔಟಾದ ಎಂದು. ಚೌಕದೊಳಗಿನ ವಜ್ರಾಕಾರ ಪೂರ್ತಿ ಸುತ್ತಿಕೊಂಡಿದ್ದರೆ ಆತ ಮೂರು ಬೇಸುಗಳನ್ನೂ ದಾಟಿ ಮರಳಿ ಬಂದು ರನ್ ಗಳಿಸಿದ್ದಾನೆ.

ಲಿಪಿ ತಿಳಿದ ಮೇಲೆ ಪತ್ತೇದಾರಿಕೆ ಸುಲಭ. ಪುಸ್ತಿಕೆಯಲ್ಲಿ ಅಚ್ಚಾಗಿರುವ ಎದುರಾಳಿ ತಂಡ ಯಾವುದು ನೋಡಿ. ಆ ತಂಡದ ಪಿಚರ್ ಯಾರು, ಒಟ್ಟು ರನ್ ಎಷ್ಟು ಎಂದು ಪೆನ್ಸಿಲ್ ಬರಹದಿಂದ ಬರೆದುಕೊಳ್ಳಿ. ಬಳಿಕ ರೆಟ್ರೋಶೀಟ್ ಎಂಬ ಅಂತರ್ಜಾಲ ಸಂಗ್ರಹದೊಡನೆ ತಾಳೆ ನೋಡಿ. 1989ರಲ್ಲಿ ಡೆಲವೇರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಸ್ಮಿತ್ ಆರಂಭಿಸಿದ, ಸ್ವಯಂಸೇವಕರು ನಡೆಸುವ ಕೆಲಸ ಅದು. ಹಳೆಯ ಪಂದ್ಯಗಳ ಪ್ರತಿ ಎಸೆತ ಅಲ್ಲದಿದ್ದರೂ ಪ್ರತಿ ಬ್ಯಾಟರಿನ ಗತಿಯನ್ನು ದಾಖಲಿಸಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ. ಅವರಿಗೆ ಆ ವಿವರ ಎಲ್ಲಿಂದ ಬಂತು ಗೊತ್ತೇ? ತಂಡಗಳ ಕಡತಗಳಿಂದ, ಪತ್ರಿಕೆಗಳಿಂದ, ಅಷ್ಟೇ ಅಲ್ಲದೆ ಸಾಮಾನ್ಯ ಪ್ರೇಕ್ಷಕರು ಮನೆಯಲ್ಲಿ ಉಳಿಸಿಕೊಂಡಿದ್ದ ಇಂಥವೇ ಸ್ಕೋರ್‌ಕಾರ್ಡುಗಳಿಂದ. ಅವರೆಲ್ಲ ನಿಮ್ಮಂತೆ ರಬ್ಬರ್ ಹಿಡಿದಿದ್ದರೆ ಆ ಪಂದ್ಯಗಳ ವಿವರ ಇಂದು ಇರುತ್ತಿರಲಿಲ್ಲ.

ನನ್ನದೇ ಒಂದು ಉದಾಹರಣೆ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಕೇಳಿ. ನಾನು 1973ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಫ್ಲಶಿಂಗಿಗೆ ಹೋದೆ. ಬೌನ್ ಬೀದಿಯ ಗಣೇಶನ ದೇವಸ್ಥಾನದಲ್ಲಿ ಪ್ರತಿಷ್ಠೆ ಆಗಿದ್ದು 1977ರ ಜುಲೈನಲ್ಲಿ, ನಾವು ಹೋದಾಗ ಅದಿನ್ನೂ ಇರಲಿಲ್ಲ. ಯಜಮಾನರು ಕೆಲಸಕ್ಕೆ ಹೋದರೆ ಮಾತಿಗೆ ಸಿಗುತ್ತಿದ್ದವರು ಕೆಳಮನೆಯಲ್ಲಿದ್ದ ಮನೆಯೊಡತಿ ಒಬ್ಬರೇ. ಎಪ್ಪತ್ತರ ಹತ್ತಿರದ ವಿಧವೆ. ಮೆಟ್ಸ್ ತಂಡದ ತವರಾದ ಶೇ ಕ್ರೀಡಾಂಗಣ ಅಲ್ಲಿಂದ ರೈಲಿನಲ್ಲಿ ಒಂದೇ ನಿಲ್ದಾಣ. ಆ ಶರತ್ಕಾಲದಲ್ಲಿ ಅವರು ನನ್ನನ್ನು ಏಳನೇ ನಂಬರಿನ ರೈಲಿನಲ್ಲಿ ಕರೆದುಕೊಂಡು ಹೋಗಿ, ಒಂದು ಪುಸ್ತಿಕೆ ಕೊಂಡು, ಚಿಕ್ಕ ಪೆನ್ಸಿಲ್ ಕೈಗಿಟ್ಟು, ‘ಬರೆದರೆ ಮಾತ್ರ ಆಟ ಕಾಣಿಸುತ್ತದೆ’ ಎಂದರು. ತಲೆಯ ಮೇಲೆ ಲಾಗಾರ್ಡಿಯಾ ನಿಲ್ದಾಣದ ವಿಮಾನಗಳು ಕಿವಿ ಕಿವುಡಾಗುವಂತೆ ಹಾರುತ್ತಿದ್ದವು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಬರೆದ ಮೊದಲ 6-3 ಇನ್ನೂ ನನ್ನಲ್ಲಿದೆ.

ನಾಲ್ಕು ವರ್ಷಗಳ ಬಳಿಕ ಅವರು ಮಗಳ ಊರಿಗೆ ಹೋಗುವಾಗ ಒಂದು ಕೈಚೀಲವನ್ನು ನನಗೆ ಕೊಟ್ಟರು. ಅದರಲ್ಲಿ ಇದ್ದದ್ದು 1969ರ ಇಪ್ಪತ್ತಮೂರು ಪುಸ್ತಿಕೆಗಳು, ಎಲ್ಲವೂ ಅವರ ಕೈಬರಹದವು. ಒಂದರಲ್ಲಿ ಎದುರಾಳಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಆ ತಂಡ ಆ ವರ್ಷ ಶೇ ಕ್ರೀಡಾಂಗಣದಲ್ಲಿ ಒಂಬತ್ತು ಪಂದ್ಯ ಆಡಿತ್ತು. ಆ ಒಂಬತ್ತರಲ್ಲಿ ಇದು ಯಾವುದು? ಮೆಟ್ಸ್ ಮೊದಲ ಇನಿಂಗ್ಸ್‌ನಲ್ಲೇ ಐದು ರನ್ ಗಳಿಸಿದೆ, ಡಾನ್ ಕ್ಲೆಂಡೆನಾನ್ ಮತ್ತು ಎಡ್ ಚಾರ್ಲ್ಸ್ ಇಬ್ಬರ ಚೌಕದಲ್ಲೂ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂತೆ ಚೆಂಡು ಬೇಲಿಯಾಚೆ). ಕಾರ್ಡಿನಲ್ಸ್ ಕಡೆಯ ಪಿಚರ್ ಸ್ಟೀವ್ ಕಾರ್ಲ್‌ಟನ್. ಆ ಕಡೆ ರನ್ ಸೊನ್ನೆ. ಅಂದರೆ ಇದು ಸೆಪ್ಟೆಂಬರ್ 24, ಮೆಟ್ಸ್ 6-0 ಅಂತರದಿಂದ ಗೆದ್ದು ತನ್ನ ವಿಭಾಗದ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡ ರಾತ್ರಿ. ಕೊನೆಯ ಬ್ಯಾಟರ್ ಜೋ ಟೋರಿ. ಆತ ಹೊಡೆದದ್ದು ಶಾರ್ಟ್‌ಸ್ಟಾಪ್ ಬಡ್ ಹ್ಯಾರೆಲ್ಸನ್‌ಗೆ, ಅಲ್ಲಿಂದ ಎರಡನೇ ಬೇಸಿನಲ್ಲಿ ಆಲ್ ವೈಸ್‌ಗೆ, ಅಲ್ಲಿಂದ ಮೊದಲ ಬೇಸಿನಲ್ಲಿ ಕ್ಲೆಂಡೆನಾನ್‌ಗೆ. ಒಂದೇ ಏಟಿಗೆ ಇಬ್ಬರು ಔಟ್, ಬರೆಯಬೇಕಾದದ್ದು 6-4-3.

ಮನೆಯೊಡತಿ ಬರೆದ ಚೌಕದಲ್ಲಿ ಇರುವುದು 6-4 ಮಾತ್ರ. ಪಕ್ಕದಲ್ಲಿ ಒಂದು ಅಡ್ಡಗೆರೆ ಇದೆ, 3 ಇಲ್ಲ. ಜನ ಬೇಲಿ ಹಾರಿ ಮೈದಾನಕ್ಕೆ ನುಗ್ಗಿ ಹುಲ್ಲನ್ನೇ ಕಿತ್ತುಕೊಂಡು ಹೋದ ರಾತ್ರಿ ಅದು. ಎಂಟು ವರ್ಷ ಕಳೆದ ಮೇಲೆ ನಾನು ಆ ಚೌಕವನ್ನು ತೋರಿಸಿದಾಗ ಅವರು ‘ಎದ್ದು ನಿಂತಿದ್ದೆ’ ಎಂದರು, ಬೇರೇನೂ ಹೇಳಲಿಲ್ಲ.

ಬೆಲೆಯ ಲೆಕ್ಕದಲ್ಲಿ ಆ ಪುಸ್ತಿಕೆ ಹಾಳಾದದ್ದು. ಇಡೀ ಖಾನೆಯನ್ನು ಕೊಟ್ಟೇನು, ಅದೊಂದನ್ನು ಕೊಡಲಾರೆ.

ನಿಮ್ಮ ಏಳರಲ್ಲಿಯೂ ಹೀಗೆ ಯಾರೋ ಕುಳಿತಿದ್ದಾರೆ. ಷಿಕಾಗೋ ಕಬ್ಸ್ ಎದುರಿನ ಪುಸ್ತಿಕೆ ಏನಾದರೂ ಇದ್ದರೆ ಆ ತಂಡದ ಕಡೆಯ ಚೌಕಗಳನ್ನು ಎಣಿಸಿ. ಜುಲೈ 9ರ ರಾತ್ರಿ ಮೆಟ್ಸ್ ಪಿಚರ್ ಟಾಮ್ ಸೀವರ್ ಮೊದಲ ಇಪ್ಪತ್ತೈದು ಬ್ಯಾಟರುಗಳನ್ನು ಸಾಲಾಗಿ ಔಟ್ ಮಾಡಿದ್ದ. ಒಂಬತ್ತನೇ ಇನಿಂಗ್ಸ್‌ನಲ್ಲಿ ಜಿಮ್ಮಿ ಕ್ವಾಲ್ಸ್ ಎಂಬ ಹೊಸಬ ಎಡ-ನಡು ಮೈದಾನಕ್ಕೆ ಹೊಡೆದು ಬೇಸ್ ಸೇರಿದ. ಎದುರಾಳಿಯಲ್ಲಿ ಒಬ್ಬರೂ ಬೇಸ್ ಸೇರದ ‘ಪರಿಪೂರ್ಣ ಪಂದ್ಯ’ ಎರಡೇ ಔಟಿನ ಅಂತರದಲ್ಲಿ ತಪ್ಪಿತು. ಒಂದು ಪುಟವೆಲ್ಲ ಔಟುಗಳೇ ತುಂಬಿ, ಒಂದೇ ಒಂದು ಚೌಕದಲ್ಲಿ ಮೊದಲ ಬೇಸಿನವರೆಗೆ ಗೆರೆ ಎಳೆದಿದ್ದರೆ, ಕುರ್ಚಿಯ ಮೇಲೆ ಕುಳಿತುಕೊಂಡು ನೋಡಿ, ಕೈ ನಡುಗುತ್ತದೆ.

ಟಿಕೆಟ್ ಚೂರು ಒಳಗೆ ಸಿಕ್ಕಿದರೆ ಅದನ್ನು ಎಲ್ಲೆಲ್ಲೋ ಇಡಬೇಡಿ. ಬೇರೆ ಕವರಿಗೆ ಹಾಕಿ, ಯಾವ ಪುಸ್ತಿಕೆಯ ಯಾವ ಪುಟದಲ್ಲಿತ್ತು ಎಂದು ಕವರಿನ ಮೇಲೆ ಬರೆದು, ಅದೇ ಪುಸ್ತಿಕೆಯ ಜೊತೆಗೇ ಇಡಿ.

ಪ್ರಶ್ನೆ: ಕ್ರಿಕೆಟ್ ಬಿಟ್ಟರೆ ಬೇರೆ ತಿಳಿಯದವನು ನಾನು. ಸ್ಕೋರ್‌ಕಾರ್ಡ್ ಪುಸ್ತಿಕೆ, ಇಯರ್‌ಬುಕ್ ಎರಡೂ ಒಂದೇ ಅಲ್ಲವೇ? ಇವನ್ನು ಏಕೆ ಅಚ್ಚು ಹಾಕಿಸುತ್ತಿದ್ದರು? — ನಿವೃತ್ತ ಅಂಚೆ ನೌಕರರು, ಗದಗ

ಉತ್ತರ: ಎರಡೂ ಬೇರೆ. ಪುಸ್ತಿಕೆ ಪಂದ್ಯದ ದಿನದ್ದು. ಬಾಗಿಲಲ್ಲಿ ಕೊಂಡು, ಅಂದಿನ ಆಟವನ್ನು ಬರೆದುಕೊಂಡು ಹೋಗುವಂಥದ್ದು. ಇಯರ್‌ಬುಕ್ ಇಡೀ ವರ್ಷದ್ದು. ಆಟಗಾರರ ದೊಡ್ಡ ಚಿತ್ರಗಳು, ಹಿಂದಿನ ವರ್ಷದ ಅಂಕಿ-ಅಂಶ, ತರಬೇತುದಾರರ ಪರಿಚಯ, ಹೊಳಪಿನ ಕಾಗದ. ಮೂರನೆಯದೊಂದೂ ಇದೆ, ಪತ್ರಕರ್ತರಿಗಾಗಿ ತಂಡ ಸಿದ್ಧಪಡಿಸುವ ಮಾಹಿತಿ ಕೈಪಿಡಿ. ಅದರಲ್ಲಿ ಚಿತ್ರ ಕಡಿಮೆ, ಅಂಕಿ ಹೆಚ್ಚು.

ಏಕೆ ಅಚ್ಚು ಹಾಕಿಸಿದರು ಎಂದರೆ, ಹಣಕ್ಕಾಗಿಯೇ. 19ನೇ ಶತಮಾನದ ಕೊನೆಯ ಭಾಗದಲ್ಲಿ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಹ್ಯಾರಿ ಎಂ. ಸ್ಟೀವನ್ಸ್ ಎಂಬಾತ ಜಾಹೀರಾತು ತುಂಬಿದ ಸ್ಕೋರ್‌ಕಾರ್ಡುಗಳನ್ನು ಕೂಗಿ ಮಾರಿ ದೊಡ್ಡ ವ್ಯಾಪಾರ ಕಟ್ಟಿದ. ಅಂದಿನ ಆಟಗಾರರ ಅಂಗಿಯ ಮೇಲೆ ಸಂಖ್ಯೆ ಇರಲಿಲ್ಲ, ಆದ್ದರಿಂದ ಕಾರ್ಡ್ ಇಲ್ಲದೆ ಯಾರು ಯಾರೆಂದು ತಿಳಿಯುವುದೇ ಕಷ್ಟವಾಗಿತ್ತು. ಆತ ಕಟ್ಟಿದ ಸಂಸ್ಥೆಯೇ ಮುಂದೆ ಶೇ ಕ್ರೀಡಾಂಗಣದಲ್ಲೂ ತಿಂಡಿ, ಪುಸ್ತಿಕೆ ಮಾರುತ್ತಿತ್ತು. ಜಾಹೀರಾತು ಎಂದು ಮೂಗು ಮುರಿಯಬೇಡಿ. ಮೆಟ್ಸ್ ತಂಡದ ಪ್ರಾಯೋಜಕರಾಗಿದ್ದ ರೈನ್‌ಗೋಲ್ಡ್ ಬಿಯರಿನವರದ್ದಿರಲಿ, ಕ್ವೀನ್ಸ್ ಬಡಾವಣೆಯ ಊಟದ ಮನೆಗಳದ್ದಿರಲಿ, ಆ ಪುಟಗಳಲ್ಲಿ ಇರುವ ನಗರ ಈಗ ಬೇರೆಲ್ಲೂ ಸಿಗುವುದಿಲ್ಲ.

ಇಯರ್‌ಬುಕ್ ಬಗ್ಗೆ ಒಂದು ಎಚ್ಚರಿಕೆ. ಒಂದು ವರ್ಷಕ್ಕೆ ಒಂದೇ ಇಯರ್‌ಬುಕ್ ಎಂದು ಭಾವಿಸಿ ನಾನು ಬಹಳ ಕಾಲ ಒಂದನ್ನೇ ಇಟ್ಟುಕೊಂಡು ನೆಮ್ಮದಿಯಿಂದಿದ್ದೆ. ಮೆಟ್ಸ್ ತಂಡ ಋತುವಿನ ನಡುವೆ ಪರಿಷ್ಕೃತ ಮುದ್ರಣಗಳನ್ನು ಹೊರತರುತ್ತಿತ್ತು. 1969ರದ್ದು ಕೈಗೆ ಸಿಕ್ಕರೆ ಕ್ಲೆಂಡೆನಾನ್‌ನನ್ನು ಹುಡುಕಿ. ಆತ ಮೆಟ್ಸ್ ಸೇರಿದ್ದು ಆ ಜೂನ್ 15ರಂದು, ಮಾಂಟ್ರಿಯಲ್ ತಂಡದಿಂದ. ವಸಂತದಲ್ಲಿ ಅಚ್ಚಾದ ಪುಸ್ತಕದಲ್ಲಿ ಆತ ಇರುವ ಸಾಧ್ಯತೆಯೇ ಇಲ್ಲ, ಇದ್ದರೆ ನಿಮ್ಮ ಕೈಯಲ್ಲಿರುವುದು ನಂತರದ ಮುದ್ರಣ. ಋತುವಿನ ಕಿರೀಟ ನಿರ್ಧರಿಸುವ, ಆ ಅಕ್ಟೋಬರಿನಲ್ಲಿ ಮೆಟ್ಸ್ ಗೆದ್ದ ವಿಶ್ವ ಸರಣಿಯ ಅತ್ಯುತ್ತಮ ಆಟಗಾರ ಎನಿಸಿಕೊಂಡವನು ವರ್ಷಾರಂಭದ ಪುಸ್ತಕದಲ್ಲೇ ಇಲ್ಲ ಎಂಬುದನ್ನು ನೋಡಿದಾಗಲೇ ನನಗೆ ಎರಡೂ ಬೇಕೆನಿಸಿದ್ದು.

ವಿಶ್ವ ಸರಣಿಯ ಪುಸ್ತಿಕೆಗಳೂ ಹಾಗೆಯೇ. 1974ರಿಂದ ಈಚೆಗೆ ಎರಡೂ ತಂಡಗಳಿಗೆ ಸೇರಿ ಒಂದೇ ಪುಸ್ತಿಕೆ. ಅದಕ್ಕೂ ಮೊದಲು ಆಯಾ ಊರಿನ ತಂಡ ತನ್ನದೇ ಅಚ್ಚು ಹಾಕಿಸುತ್ತಿತ್ತು. ಆದ್ದರಿಂದ 1969ಕ್ಕೆ ಎರಡು ಬೇಕು: ಮೊದಲ ಎರಡು ಪಂದ್ಯ ನಡೆದ ಬಾಲ್ಟಿಮೋರಿನದ್ದು, ಉಳಿದ ಮೂರು ನಡೆದ ನ್ಯೂಯಾರ್ಕಿನದ್ದು. ನ್ಯೂಯಾರ್ಕಿನದರಲ್ಲಿ ಅಕ್ಟೋಬರ್ 16ರ ಪಂದ್ಯವನ್ನು ಬರೆದದ್ದು ಸಿಕ್ಕರೆ ಕೊನೆಯ ಚೌಕದಲ್ಲಿ 7 ಇರಬೇಕು. ಬಾಲ್ಟಿಮೋರಿನ ಡೇವಿ ಜಾನ್ಸನ್ ಹೊಡೆದ ಚೆಂಡನ್ನು ಎಡ ಮೈದಾನದಲ್ಲಿ ಕ್ಲಿಯಾನ್ ಜೋನ್ಸ್ ಮಂಡಿಯೂರಿ ಹಿಡಿದ. ಅದೇ ಜಾನ್ಸನ್ 1986ರಲ್ಲಿ ಮೆಟ್ಸ್ ತಂಡದ ವ್ಯವಸ್ಥಾಪಕನಾಗಿ ಆ ತಂಡಕ್ಕೆ ಎರಡನೇ ಕಿರೀಟ ತಂದುಕೊಟ್ಟ.

ಪ್ರಶ್ನೆ: ನನ್ನ ಅಣ್ಣ ಅಮೆರಿಕದಿಂದ ತಂದ ಆರು ಬೇಸ್‌ಬಾಲ್ ಇಯರ್‌ಬುಕ್‌ಗಳು ನಮ್ಮ ಮನೆಯ ಅಟ್ಟದಲ್ಲಿದ್ದವು. ಈ ಮಳೆಗಾಲದಲ್ಲಿ ಹಂಚು ಸೋರಿ ಎರಡರ ಪುಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಉಳಿದವಕ್ಕೆ ಬೂಷ್ಟು ಬಂದಿದೆ. ನುಸಿ ಗುಳಿಗೆ ಹಾಕಿಟ್ಟರೆ ಸಾಕೇ? — ಗೃಹಿಣಿ, ಉಡುಪಿ ಹತ್ತಿರ

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಉರಿಯಿತು, ಏಕೆಂದರೆ ಈ ನೋವು ನನ್ನದೂ ಹೌದು. ಅಮೆರಿಕದಿಂದ ಮರಳಿ ಮೈಸೂರಿಗೆ ಬರುವ ಮೊದಲು ನಾವು ಮೂರು ವರ್ಷ ತೀರ್ಥಹಳ್ಳಿ ಕಡೆಯ ಹಿರಿಯರ ಮನೆಯಲ್ಲಿದ್ದೆವು. ಪೆಟ್ಟಿಗೆಯನ್ನು ಬಚ್ಚಲುಮನೆಯ ಗೋಡೆಗೆ ತಾಗಿಸಿ ಇಟ್ಟದ್ದು ನನ್ನದೇ ತಪ್ಪು. ಒಂದೇ ಆಷಾಢದಲ್ಲಿ ಎಂಟು ಪುಸ್ತಿಕೆಗಳು ಹೋದವು. ಮನೆಯೊಡತಿಯ ಇಪ್ಪತ್ತಮೂರು ಈಗ ಹದಿನೈದು. ಆ ಎಂಟರ ಒಂದು ಪುಟದ ನೆರಳಚ್ಚನ್ನೂ ನಾನು ತೆಗೆದಿಟ್ಟಿರಲಿಲ್ಲ.

ಅಂಟಿಕೊಂಡ ಎರಡರ ಬಗ್ಗೆ ಮೊದಲು. ಇಯರ್‌ಬುಕ್ಕಿನ ಹೊಳಪು ಕಾಗದದ ಮೇಲೆ ಜೇಡಿಯಂಥ ಲೇಪವಿರುತ್ತದೆ. ನೆನೆದಾಗ ಅದು ಮೆತ್ತಗಾಗಿ, ಒಣಗುವಾಗ ಪಕ್ಕದ ಪುಟವನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಒಣಗಿ ಗಟ್ಟಿಯಾದ ಮೇಲೆ ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಅವನ್ನು ಎಳೆಯಬೇಡಿ, ಹಾಗೆಯೇ ಬಿಡಿ. ಮುಂದೆ ಯಾವತ್ತಾದರೂ ಹೊಳಪು ಕಾಗದದ ಪುಸ್ತಕ ನೆನೆದರೆ, ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ಮೇಲಿನ ಹಿಮದ ಪೆಟ್ಟಿಗೆಯಲ್ಲಿ ಇಟ್ಟುಬಿಡಿ. ಅದು ಗುಣ ಮಾಡುವುದಿಲ್ಲ, ಆದರೆ ಹಾನಿಯನ್ನು ನಿಲ್ಲಿಸುತ್ತದೆ, ನಿಮಗೆ ಸಮಯ ಸಿಗುತ್ತದೆ. ಆಮೇಲೆ ಒಂದೊಂದನ್ನೇ ಹೊರತೆಗೆದು ಪುಟ ಪುಟದ ನಡುವೆ ಹೀರುವ ಕಾಗದ ಇಟ್ಟು, ಮತ್ತೆ ಮತ್ತೆ ಬದಲಿಸುತ್ತಾ ಫ್ಯಾನಿನ ಗಾಳಿಯಲ್ಲಿ ಒಣಗಿಸಬಹುದು. ಬಿಸಿಲಿಗೆ ಹಿಡಿಯಬೇಡಿ, ಬಣ್ಣ ಹೋಗುತ್ತದೆ, ಕಾಗದ ಸುರುಳಿಯಾಗುತ್ತದೆ.

ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಕಾಗದದೊಳಗೆ ಇಳಿಯುತ್ತದೆ. ಪೂರ್ತಿ ಒಣಗಿದ ಮೇಲೆ, ಮನೆಯ ಹೊರಗೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ಒಂದೇ ದಿಕ್ಕಿಗೆ ಗುಡಿಸಿ.

ನುಸಿ ಗುಳಿಗೆ ಹುಳುವನ್ನು ಓಡಿಸಬಹುದು, ತೇವವನ್ನಲ್ಲ. ನಿಮ್ಮ ಶತ್ರು ತೇವ. ಬೇವಿನ ಎಲೆಯನ್ನು ಪುಟಗಳ ನಡುವೆ ಇಡುವುದು ನಮ್ಮಲ್ಲಿ ರೂಢಿ, ಅಮ್ಮನೂ ಇಡುತ್ತಿದ್ದರು. ಆದರೆ ಹಸಿ ಎಲೆ ತಾನೇ ತೇವ ತರುತ್ತದೆ, ಕಲೆ ಉಳಿಸುತ್ತದೆ. ಉಕ್ಕಿನ ಬೀರು, ಹೊರಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಮೇಲೆ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್ ಪೊಟ್ಟಣಗಳು. ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು. ಅಂಗಡಿಯಲ್ಲಿ ಸಿಗುವ ಕಟುವಾಸನೆಯ ಮೆತ್ತನೆಯ ಪ್ಲಾಸ್ಟಿಕ್ ಕವರುಗಳು ಬೇಡ. ಅವು ಪಿ.ವಿ.ಸಿ., ಕಾಲಕ್ರಮದಲ್ಲಿ ಎಣ್ಣೆಯಂಥ ಪದಾರ್ಥವನ್ನು ಬಿಟ್ಟು ಮುಖಪುಟಕ್ಕೆ ಅಂಟುತ್ತವೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಂದು ಕೇಳಿ ತೆಗೆದುಕೊಳ್ಳಿ. ಹಿಂದೆ ಆಮ್ಲರಹಿತ ರಟ್ಟು ಇಡಿ.

ಇನ್ನು ನಡುವಿನ ಪಿನ್ನುಗಳು. ತುಕ್ಕು ಹಿಡಿದಿದ್ದರೆ ನಿಧಾನವಾಗಿ ಕಾಗದವನ್ನೇ ತಿನ್ನುತ್ತವೆ. ಹೊರಗಿನಿಂದ ಎಳೆಯಬೇಡಿ. ನಡುಪುಟ ತೆರೆದು, ಮಡಚಿದ ಕಾಲುಗಳನ್ನು ತೆಳುವಾದ ಚಾಕುವಿನ ಬೆನ್ನಿನಿಂದ ಎತ್ತಿ ನೆಟ್ಟಗೆ ಮಾಡಿ, ಬಳಿಕ ಹೊರಗಿನಿಂದ ಬಿಡಿಸಿ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಹಾಕಿ ಸಡಿಲವಾಗಿ ಕಟ್ಟಿ. ಹೂ ಕಟ್ಟುವ ಕೈಗಳಿಗೆ ಇದು ಕಷ್ಟವಲ್ಲ. ನನ್ನ ಹದಿನೈದನ್ನೂ ನಾನು ಹೀಗೆಯೇ ಕಟ್ಟಿದ್ದೇನೆ.

ಉಳಿದ ನಾಲ್ಕರ ಪ್ರತಿ ಪುಟವನ್ನೂ ಇದೇ ವಾರ ಮೊಬೈಲಿನಲ್ಲಾದರೂ ಚಿತ್ರ ತೆಗೆದಿಡಿ. ಮುಂದಿನ ವಾರ ಎನ್ನಬೇಡಿ.

ಪ್ರಶ್ನೆ: ಇವು ಒಳ್ಳೆಯ ಹೂಡಿಕೆಯೇ? ನಕಲಿಗಳಿವೆಯೇ? — ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಹೂಡಿಕೆಗಾದರೆ ನಿಮ್ಮ ಬ್ಯಾಂಕೇ ಉತ್ತಮ. ಕೊಳ್ಳುವುದಾದರೆ ಮಾರುವವರು ಕೇಳುವ ಬೆಲೆಯನ್ನು ನಂಬಬೇಡಿ, ನಿಜವಾಗಿ ಮಾರಾಟವಾದ ಬೆಲೆಯನ್ನು ಹುಡುಕಿ.

ಮರುಮುದ್ರಣಗಳು ಇವೆ. ನೇರಳಾತೀತ ದೀಪ ಹಿಡಿದು ಕಾಗದ ಹೊಳೆದರೆ ನಕಲಿ ಎಂದು ಕೆಲವರು ಹೇಳುತ್ತಾರೆ. ಬಹಳ ಹಳೆಯ ಕಾಗದಕ್ಕೆ ಅದು ಸರಿ. ಆದರೆ ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕ 1950ರ ದಶಕದಲ್ಲೇ ಬಳಕೆಗೆ ಬಂದಿತ್ತು, ಆದ್ದರಿಂದ 1969ರ ಅಸಲಿಯೂ ಹೊಳೆಯಬಹುದು. ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ ಹಿಡಿದು ಚಿತ್ರವನ್ನಲ್ಲ, ಸಣ್ಣ ಅಕ್ಷರಗಳನ್ನು ನೋಡಿ. ಅಸಲಿಯಲ್ಲಿ ಕಪ್ಪು ಅಕ್ಷರದ ಅಂಚು ಗಟ್ಟಿಯಾಗಿರುತ್ತದೆ. ಪುಟವನ್ನು ಚಿತ್ರ ತೆಗೆದು ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೂ ಚುಕ್ಕಿ ಚುಕ್ಕಿಯಾಗಿ ಒಡೆದಿರುತ್ತದೆ.

ಪ್ರಶ್ನೆ: ನೀವು ಅಮೆರಿಕಕ್ಕೆ ಹೋದದ್ದು 1973ರಲ್ಲಿ. ಕಣ್ಣಾರೆ ಕಂಡ ಋತುಗಳನ್ನು ಬಿಟ್ಟು, ಕಾಣದ 1969ನ್ನೇ ಏಕೆ ಕೂಡಿಸುತ್ತಿದ್ದೀರಿ? ಸಂಗ್ರಹ ಪೂರ್ಣವಾಯಿತೇ? — ಶಾಲಾ ಶಿಕ್ಷಕಿ, ಹಾಸನ

ಉತ್ತರ: ಕಂಡದ್ದು ನೆನಪಿನಲ್ಲಿದೆ, ಅದಕ್ಕೆ ಕಾಗದದ ಹಂಗು ಕಡಿಮೆ. ಕಾಣದ್ದನ್ನು ಮಾತ್ರ ಹೀಗೆ ಚೌಕ ಚೌಕವಾಗಿ ಓದಿಯೇ ತಿಳಿಯಬೇಕು. ಎರಡನೆಯದಾಗಿ, ಅದು ನಮ್ಮ ಬೀದಿಯವರ ಋತು. ನಾವು ಹೋದಾಗಲೂ ಔಷಧದ ಅಂಗಡಿಯವನು, ಬಸ್ ಚಾಲಕ, ಚರ್ಚಿನ ಪಾದ್ರಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. 1962ರಲ್ಲಿ ಹುಟ್ಟಿದ ತಂಡ ಮೊದಲ ವರ್ಷ 120 ಪಂದ್ಯ ಸೋತಿತ್ತು. 1969ರ ಆಗಸ್ಟ್ ನಡುವಿನಲ್ಲಿ ಷಿಕಾಗೋಗಿಂತ ಹತ್ತು ಪಂದ್ಯ ಹಿಂದಿತ್ತು, ಕೊನೆಗೆ ಎಂಟು ಪಂದ್ಯ ಮುಂದೆ ನಿಂತಿತು. ಒಟ್ಟು ಗೆಲುವು ಸರಿಯಾಗಿ 100. ಇಂಗ್ಲಿಷ್ ತಡವರಿಸುತ್ತಿದ್ದ ನನಗೆ ಆ ಬೀದಿಯಲ್ಲಿ ಮಾತು ಆರಂಭಿಸಲು ಸಿಕ್ಕ ಮೊದಲ ವಿಷಯ ಅದು. ಶೇ ಕ್ರೀಡಾಂಗಣವನ್ನು 2009ರಲ್ಲಿ ಕೆಡವಿದರು. ಬೇಸುಗಳಿದ್ದ ಜಾಗಕ್ಕೆ ಈಗ ವಾಹನ ನಿಲುಗಡೆಯ ನೆಲದಲ್ಲಿ ಗುರುತು ಹಾಕಿದ್ದಾರೆ. ಕಳೆದ ಸಲ ಹೋದಾಗ ಒಂದು ಕಾರು ಮೂರನೇ ಬೇಸಿನ ಮೇಲೆ ನಿಂತಿತ್ತು, ಅದು ಹೊರಡುವವರೆಗೂ ಕಾದಿದ್ದೆ.

ಸಂಗ್ರಹ ಪೂರ್ಣವಾಗಿಲ್ಲ. ಮನೆಯ ಪಂದ್ಯಗಳಷ್ಟೇ ಸಾಕೆಂದುಕೊಂಡು ಆರಂಭಿಸಿದೆ. ಆಮೇಲೆ ಹೊರಊರಿನ ಪಂದ್ಯಗಳ ಆಸೆ ಹುಟ್ಟಿತು. ಸೆಪ್ಟೆಂಬರ್ 12ರಂದು ಪಿಟ್ಸ್‌ಬರ್ಗಿನಲ್ಲಿ ಒಂದೇ ದಿನ ಎರಡು ಪಂದ್ಯ, ಎರಡನ್ನೂ ಮೆಟ್ಸ್ 1-0 ಅಂತರದಿಂದ ಗೆದ್ದಿತು. ಎರಡರಲ್ಲೂ ಆ ಒಂದು ರನ್ ತಂದವನು ಪಿಚರ್: ಒಂದರಲ್ಲಿ ಜೆರ್ರಿ ಕೂಸ್‌ಮನ್, ಇನ್ನೊಂದರಲ್ಲಿ ಡಾನ್ ಕಾರ್ಡ್‌ವೆಲ್. ಅದರ ಮೂರು ದಿನಗಳ ಬಳಿಕ ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್‌ಟನ್ ಹತ್ತೊಂಬತ್ತು ಸ್ಟ್ರೈಕ್‌ಔಟ್ ಮಾಡಿಯೂ ಸೋತ, ರಾನ್ ಸ್ವೋಬೊಡಾನ ಎರಡು ಹೋಮ್ ರನ್‌ಗಳಿಂದ. ಇವೆರಡೂ ನನ್ನಲ್ಲಿವೆ, ಮೊದಲನೆಯದು ಬರಿದು, ಎರಡನೆಯದು ಯಾರೋ ಕಾರ್ಡಿನಲ್ಸ್ ಅಭಿಮಾನಿ ಬರೆದದ್ದು. ಹತ್ತೊಂಬತ್ತು ಕೆಗಳನ್ನೂ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ, ಸ್ವೋಬೊಡಾನ ಚೌಕ ಮಾತ್ರ ಪೆನ್ಸಿಲ್.

ಇಲ್ಲದೆ ಇರುವುದು, ವರ್ಷಗಳಿಂದ ಹುಡುಕುತ್ತಿರುವುದು, ಮೊಟ್ಟಮೊದಲ ಪಂದ್ಯದ್ದು. 1969ರ ಏಪ್ರಿಲ್ 8, ಶೇ ಕ್ರೀಡಾಂಗಣ. ಎದುರಾಳಿ ಮಾಂಟ್ರಿಯಲ್ ಎಕ್ಸ್‌ಪೋಸ್, ಅದು ಆ ತಂಡದ ಜೀವನದ ಮೊದಲ ಪಂದ್ಯವೂ ಹೌದು. ಹೀಗಾಗಿ ಎರಡು ನಗರದ ಸಂಗ್ರಾಹಕರೂ ಅದರ ಹಿಂದೆ ಬಿದ್ದಿದ್ದಾರೆ. ಮೆಟ್ಸ್ 11-10ರಿಂದ ಸೋತಿತು.

ಅರಸೀಕೆರೆಯ ಗೆಳೆಯರೇ, ಇದು ಮತ್ತೆ ನಿಮಗೇ. ನಿಮ್ಮ ಒಂಬತ್ತರಲ್ಲಿ ಮಾಂಟ್ರಿಯಲ್ ಎದುರಾಳಿಯಾಗಿರುವುದು ಇದ್ದರೆ, ಆ ತಂಡದ ಪಿಚರ್ ಸಾಲಿನಲ್ಲಿ ಡ್ಯಾನ್ ಮೆಕ್‌ಗಿನ್ ಎಂಬ ಹೆಸರನ್ನು ಕೈಯಲ್ಲಿ ಬರೆದು ಸೇರಿಸಿದ್ದಾರೆಯೇ ನೋಡಿ. ಅವನ ಚೌಕದಲ್ಲಿ ಪೂರ್ತಿ ಸುತ್ತಿದ ವಜ್ರ ಇರಬೇಕು, ಸೀವರ್ ಎಸೆತಕ್ಕೆ ಹೊಡೆದ ಹೋಮ್ ರನ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಮೆಟ್ಸ್ ಕಡೆ ಡಫಿ ಡೈಯರ್‌ಗೂ ಅಂಥದ್ದೇ ಒಂದು. ಎರಡೂ ಇದ್ದರೆ ನನಗೆ ಕೊಡಬೇಕಾಗಿಲ್ಲ, ಮಾರಬೇಕಾಗಿಯೂ ಇಲ್ಲ. ಆ ಎರಡು ಪುಟಗಳ ಚಿತ್ರವನ್ನು ಸಂಪಾದಕರ ವಿಳಾಸಕ್ಕೆ ಕಳುಹಿಸಿ.